ಒಂಬತ್ತನೇ ವಿಷಯ

ಫೋನು ಹೆಡ್ಲಿಯದೇ. ಅಧ್ಯಕ್ಷ ಜಾಗೊ ರೋಸ್ವಿಯರ್ ಅದನ್ನು ಕಿವಿಗಿಟ್ಟುಕೊಂಡು "ಹೂಂ... ಹೂಂ... ಎರಡೂ ಹಿಂಗಾಲಾ?" ಎಂದಾಗಲೇ ವೆನ್ನಾ ಸಭೆಯ ಪಟ್ಟಿಯಲ್ಲಿ ಒಂಬತ್ತನೇ ಸಾಲಿನ ಮೇಲೆ ಬೆರಳಿಟ್ಟಳು. ಜಾಗೊ ಫೋನನ್ನು ಮೇಜಿನ ಮೇಲೆ ಮಗುಚಿಟ್ಟ.

"ಹೆಡ್ಲಿ ಬರಲ್ಲ. ಹಸು ಈಯ್ತಾ ಇದೆಯಂತೆ, ಕರು ಉಲ್ಟಾ ಬರ್ತಿದೆ. ಡಾಕ್ಟರು ಇನ್ನೂ ದಾರೀಲಿದಾರಂತೆ."

"ಇವತ್ತೇ ಈಯಬೇಕಿತ್ತಾ ಅದು?" ಎಂದಳು ಗುಮಾಸ್ತೆ ಟೆಗೆನ್. ಐದು ಪ್ಯಾರಿಷ್‌ಗಳ ಕೆಲಸವನ್ನು ಒಂದೇ ಚೀಲದಲ್ಲಿ ಹೊತ್ತು ತಿರುಗುವ ಅವಳಿಗೆ ಆ ಹಸುವಿನ ಮೇಲೆ ನಿಜಕ್ಕೂ ಸಿಟ್ಟು ಬಂದಿತ್ತು.

ಪೊರ್ತೆಲ್ಲಿಕ್ ಸಭಾಭವನದ ಹಿಂದಿನ ಕೋಣೆಯಲ್ಲಿ ಈಗ ಮೂವರು ಸದಸ್ಯರು ಉಳಿದರು: ಜಾಗೊ, ನಿವೃತ್ತ ಮುಖ್ಯೋಪಾಧ್ಯಾಯಿನಿ ಮಿಸೆಸ್ ವಾಸ್ಪರ್, ಮತ್ತು ವೆನ್ನಾ. ಊರ ಪಂಚಾಯಿತಿಯಂಥ ಆ ಪ್ಯಾರಿಷ್ ಕೌನ್ಸಿಲ್‌ಗೆ ಐದು ಕುರ್ಚಿ. ನಾಲ್ಕನೆಯದು ಹೆಡ್ಲಿಯದು. ಐದನೆಯದು ಎರಡು ವರ್ಷದಿಂದ ಖಾಲಿ. ಕೈಮುಗಿದು ಕರೆದರೂ ಬಂದು ಕೂರುವವರಿಲ್ಲ. ಕೋರಂಗೆ ಮೂವರು ಬೇಕು. ಮೂವರಿದ್ದಾರೆ. ಆದರೆ ಒಂಬತ್ತನೇ ವಿಷಯ ಬಂದಾಗ ವೆನ್ನಾ ಎದ್ದು ಹೋಗಬೇಕು, ಆಗ ಇಬ್ಬರೇ. ಈ ಲೆಕ್ಕ ಎಲ್ಲರಿಗೂ ಗೊತ್ತಿದ್ದುದರಿಂದ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಒಂಬತ್ತನೇ ವಿಷಯ ಎಂದರೆ ಬಂದರುಕಟ್ಟೆಯ ಸಾರ್ವಜನಿಕ ಶೌಚಾಲಯ. ಮೇಲಿನ ಜಿಲ್ಲಾ ಆಡಳಿತ, ಅಂದರೆ ಕೌಂಟಿಯವರು, ಕೆಲವು ವರ್ಷಗಳಿಂದ ತಮ್ಮ ಕೈಲಾಗದ್ದನ್ನೆಲ್ಲ, ಅಕ್ಕ ಹಳೇ ಲಂಗವನ್ನು ತಂಗಿಗೆ ದಾಟಿಸುವ ಹಾಗೆ, ಊರುಗಳಿಗೆ ದಾಟಿಸುತ್ತಿದ್ದರು. ಮೊದಲು ರಸ್ತೆ ಬದಿಯ ಹುಲ್ಲು ಕತ್ತರಿಸುವ ಕೆಲಸ ಬಂತು. ಆಮೇಲೆ ಬಸ್ ತಂಗುದಾಣ, ಆಮೇಲೆ ತುಕ್ಕು ಹಿಡಿದ ಎರಡು ಉಯ್ಯಾಲೆ. ಈಗ ಶೌಚಾಲಯ. ಶುಕ್ರವಾರ ಮಧ್ಯಾಹ್ನದೊಳಗೆ ಪ್ಯಾರಿಷ್ ಹೂಂ ಎಂದರೆ ಕಟ್ಟಡ, ನಲ್ಲಿ, ಕೀಲಿಕೈ ಎಲ್ಲ ಅದರದ್ದು. ಅದನ್ನು ತೊಳೆಯುವ ಮನುಷ್ಯನ ಕೆಲಸವೂ ಜೊತೆಯಲ್ಲೇ ಬರುತ್ತದೆ. ಇಲ್ಲವಾದರೆ ಬೀಗ. ಮತ್ತೊಂದು ಸಭೆ ಕರೆಯೋಣವೆಂದರೆ ಮೂರು ಪೂರ್ತಿ ದಿನದ ನೋಟೀಸು ಬೇಕು. ಇವತ್ತು ಮಂಗಳವಾರ ಸಂಜೆ. ಈಗಲೇ ನೋಟೀಸು ಅಂಟಿಸಿದರೂ ಸಭೆ ಶನಿವಾರಕ್ಕೆ ಹೋಗುತ್ತದೆ.

ಅದನ್ನು ತೊಳೆಯುವ ಮನುಷ್ಯ ಕ್ಲೆಮ್, ವೆನ್ನಾಳ ಗಂಡ. ದೋಣಿ ಮಾರಿದ ಮೇಲೆ, ಮಂಡಿ ಕೆಟ್ಟ ಮೇಲೆ, ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ. ಅರವತ್ತೆರಡು ವಯಸ್ಸು. ಇನ್ನೊಂದು ಕೆಲಸ ಯಾರೂ ಕೊಡುವುದಿಲ್ಲ, ಕೊಟ್ಟರೂ ಅವನಿಗೆ ಬೇಡ. ಕೈತೊಳೆಯುವ ಜಾಗದಲ್ಲಿ ಜಾಮ್ ಬಾಟಲಿಯಲ್ಲಿ ಹಳದಿ ಪ್ರಿಮ್‌ರೋಸ್ ಹೂವಿಡುವ ಶೌಚಾಲಯ ಆ ಕರಾವಳಿಯಲ್ಲಿ ಅದೊಂದೇ. ಹೊರಗಿನವರು ಅದರ ಫೋಟೊ ತೆಗೆದುಕೊಂಡು ಹೋಗುತ್ತಿದ್ದರು. ಕ್ಲೆಮ್‌ಗೆ ಅದರಿಂದ ಒಂದಿಷ್ಟು ಕೊಬ್ಬು ಕೂಡ ಬಂದಿತ್ತು ಎಂದು ವೆನ್ನಾ ಪ್ರೀತಿಯಿಂದ ಹೇಳುತ್ತಿದ್ದಳು.

ಎಂಟನೇ ವಿಷಯ, ನಾಯಿ ಹೇಲಿನ ಡಬ್ಬಿ, ಇಪ್ಪತ್ತು ನಿಮಿಷ ಹಿಡಿಯಿತು. ಯಾರಿಗೂ ಅದನ್ನು ಮುಗಿಸುವ ಮನಸ್ಸಿರಲಿಲ್ಲ. ಕೊನೆಗೆ ಡಬ್ಬಿಯ ಬಗ್ಗೆ ಮಾತಾಡಲು ಏನೂ ಉಳಿಯಲಿಲ್ಲ.

"ಒಂಬತ್ತು," ಎಂದ ಜಾಗೊ, ಕನ್ನಡಕ ಒರೆಸುತ್ತ. "ನಾನು ಹೂಂ. ಮಿಸೆಸ್ ವಾಸ್ಪರ್ ಹೂಂ. ವೆನ್ನಾ, ನೀನು ಕೈಯೆತ್ತು, ಮನೆಗೆ ಹೋಗೋಣ. ಬೆನ್ನು ನೋಯ್ತಿದೆ ನಂಗೆ."

"ನಾನು ಕೂರೋ ಹಾಗಿಲ್ಲ ಜಾಗೊ."

"ಗೊತ್ತು ಮಾರಾಯ್ತಿ. ಆದ್ರೂ ಕೂತ್ಕೋ."

ನಿಯಮ ಗೋಡೆಯ ಮೇಲೇ ಇತ್ತು, ಹಗಲು ಅಲ್ಲೇ ನಡೆಯುವ ಶಿಶುವಿಹಾರದ ಮಕ್ಕಳ ಅಂಗೈ ಅಚ್ಚುಗಳ ನಡುವೆ. ತನ್ನ ಮನೆಯವರ ಸಂಪಾದನೆಗೆ ತಗಲುವ ವಿಷಯ ಬಂದರೆ ಸದಸ್ಯರು ಅದನ್ನು ಬಾಯಿಬಿಟ್ಟು ಹೇಳಬೇಕು, ಎದ್ದು ಹೊರಗೆ ಹೋಗಬೇಕು. ಹಾಗೆ ಹೋದವರು ಮೊಗಸಾಲೆಯ ಬೆಂಚಿನ ಮೇಲೆ ಕೂರುತ್ತಾರೆ, ಒಳಗಿನವರು ಮುಗಿಸಿ ಕರೆಯುವವರೆಗೆ. ಹದಿನಾಲ್ಕು ವರ್ಷದಲ್ಲಿ ವೆನ್ನಾ ಆ ಬೆಂಚಿನ ಮೇಲೆ ನಾಲ್ಕು ಸಲ ಕೂತಿದ್ದಳು. ಒಂದು ಸಲವಂತೂ ಕ್ಲೆಮ್‌ನ ದಾಯಾದಿಯ ಮರದ ಕೊಂಬೆಯ ವಿಷಯಕ್ಕೆ. ಅದಕ್ಕೆ ಎದ್ದು ಹೋಗಬೇಕೆಂದು ಯಾರೂ ಕೇಳಿರಲಿಲ್ಲ.

ಟೆಗೆನ್ ಚೀಲದಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಜಾರಿಸಿದಳು. ವಿನಾಯಿತಿ ಅರ್ಜಿ. ಹೋದ ತಿಂಗಳು ಅವಳು ಇದನ್ನೇ ಕೊಟ್ಟಿದ್ದಳು: ರುಜು ಹಾಕಿ ವಾರ ಮುಂಚೆ ಕೌಂಟಿಗೆ ಕಳಿಸಿಬಿಟ್ಟರೆ ಕೂತು ಮತ ಹಾಕಬಹುದು, ಕಾನೂನೇ ಒಪ್ಪುತ್ತದೆ ಎಂದು. ವೆನ್ನಾ ಬೇಡವೆಂದಿದ್ದಳು. ನಾಲ್ಕು ಜನ ಬರುತ್ತೇವಲ್ಲ, ನಾನು ಹೊರಗೆ ಹೋದರೂ ಮೂವರಿರುತ್ತೀರಿ, ನನ್ನ ಗಂಡನ ಕೆಲಸಕ್ಕೆ ನಾನೇ ಕೈಯೆತ್ತುವುದಕ್ಕೆ ಅಪ್ಪಣೆ ಚೀಟಿ ಬೇಡುವುದು ನನ್ನಿಂದಾಗದು ಎಂದಿದ್ದಳು. ಆಗ ಆ ಮಾತು ಹೇಳಿ ಅವಳಿಗೆ ಖುಷಿಯೂ ಆಗಿತ್ತು.

"ಹೋದ ತಿಂಗಳ ತಾರೀಖು ಹಾಕಿ," ಎಂದಳು ಟೆಗೆನ್ ತಗ್ಗಿದ ದನಿಯಲ್ಲಿ. "ನಾನು ಫೈಲಲ್ಲಿ ಸೇರಿಸಿಬಿಡ್ತೀನಿ. ಕಳಿಸೋದು ಮರ್ತೆ ಅಂತೀನಿ. ತಪ್ಪು ನನ್ ತಲೆ ಮೇಲಿರ್ಲಿ ವೆನ್ನಾ, ನಂಗೆ ಅಭ್ಯಾಸ ಇದೆ."

ನಿಯಮ ಪುಸ್ತಕ ಬಾಯಿಪಾಠ ಇದ್ದ ಮಿಸೆಸ್ ವಾಸ್ಪರ್ ಕಿಟಕಿಯಾಚೆ ನೋಡತೊಡಗಿದಳು. ಆಚೆ ಕಾರು ನಿಲ್ಲಿಸುವ ಜಾಗ ಬಿಟ್ಟರೆ ನೋಡುವಂಥದ್ದೇನೂ ಇರಲಿಲ್ಲ.

ವೆನ್ನಾ ಪೆನ್ನು ಹಿಡಿದಳು. ಹಿಡಿಯಲಿಲ್ಲ ಎಂದು ಆಮೇಲೆ ಅವಳು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಕ್ಲೆಮ್‌ನ ಮಂಡಿ, ಕ್ಲೆಮ್‌ನ ಬಕೆಟ್ಟು, ಶನಿವಾರವೇ ಹೋಗಿ ಶೌಚಾಲಯದ ಬಾಗಿಲಿಗೆ ಬಳಿಯಲೆಂದು ಅವನು ತಂದಿಟ್ಟ ನೀಲಿ ಬಣ್ಣದ ಡಬ್ಬಿ ಎಲ್ಲ ಕಣ್ಣ ಮುಂದೆ ಬಂದವು. ಆಮೇಲೆ ತಲೆಯೆತ್ತಿದಾಗ ಕಂಡದ್ದು ಜಾಗೊನ ಮುಖ.

ಆರು ವರ್ಷದ ಹಿಂದೆ ಜಾಗೊನ ಮಗಳು ಬಂದರುಕಟ್ಟೆಯ ಖಾಲಿ ಷೆಡ್ಡನ್ನು ಚಹಾದಂಗಡಿಗೆ ಕೇಳಿದ್ದಳು. ಅವತ್ತು "ಅಧ್ಯಕ್ಷರೇ, ಅದು ನಿಮ್ಮ ಮಗಳು" ಎಂದವಳು ವೆನ್ನಾ. ಜಾಗೊ ಕೆಂಪಗಾಗಿ ಎದ್ದು ಮೊಗಸಾಲೆಗೆ ಹೋದ. ಒಂದೇ ಮತದ ಅಂತರದಲ್ಲಿ ಷೆಡ್ಡು ಮಗಳ ಕೈತಪ್ಪಿತು. ಆ ಹುಡುಗಿ ಈಗ ಪಟ್ಟಣದ ಸೂಪರ್‌ಮಾರ್ಕೆಟ್ಟಿನಲ್ಲಿ ಬಿಲ್ ಹೊಡೆಯುತ್ತಾಳೆ. ಆ ಬಗ್ಗೆ ಜಾಗೊ ಇಷ್ಟು ವರ್ಷ ಒಂದು ಮಾತೂ ಎತ್ತಿರಲಿಲ್ಲ. ಈಗಲೂ ಎತ್ತಲಿಲ್ಲ. ಸುಮ್ಮನೆ, ಬೆನ್ನು ನೋಯುವ ಮುದುಕನ ಹಾಗೆ, ಅವಳು ಬರೆಯಲಿ ಎಂದು ಕಾಯುತ್ತಿದ್ದ. ಅವನು ಒಂದು ಕುಹಕ ಆಡಿದ್ದರೆ ಬಹುಶಃ ಅವಳು ರುಜು ಹಾಕಿಬಿಡುತ್ತಿದ್ದಳು.

"ಒಂಬತ್ತನೇ ವಿಷಯದಲ್ಲಿ ನನಗೆ ಹಿತಾಸಕ್ತಿ ಇದೆ," ಎಂದಳು ವೆನ್ನಾ. ಪೆನ್ನು ಕೆಳಗಿಟ್ಟಳು. ಕೋಟು ತಗೊಂಡಳು.

"ವೆನ್ನಾ, ಹಟ ಮಾಡ್ಬೇಡ ಕಣೇ."

"ಹಟ ಅಲ್ಲ ಜಾಗೊ. ಸಾಕಾಗಿದೆ ನಂಗೂ. ಆದ್ರೆ ಆಗಲ್ಲ."

ಮೊಗಸಾಲೆಯ ಬೆಂಚು ತಣ್ಣಗಿತ್ತು. ಒಳಗೆ ಜಾಗೊ ಕೋರಂ ಇಲ್ಲವೆಂದು ಹೇಳಿದ್ದು, ಟೆಗೆನ್ ಅದನ್ನು ಬರೆದುಕೊಂಡದ್ದು, ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದು ಎಲ್ಲ ಕೇಳಿಸಿತು. ಯಾರೂ ಅವಳನ್ನು ಒಳಗೆ ಕರೆಯಲಿಲ್ಲ. ಕರೆಯುವುದಕ್ಕೆ ಏನೂ ಉಳಿದಿರಲಿಲ್ಲ.

ಮನೆಗೆ ಬಂದಾಗ ಕ್ಲೆಮ್ ಒಲೆಯಿಂದ ಪೇಸ್ಟಿ, ಆಲೂಗಡ್ಡೆ ತುಂಬಿ ಬೇಯಿಸಿದ ದೊಡ್ಡ ಕಡುಬು, ತೆಗೆಯುತ್ತಿದ್ದ. ಅವಳು ಕೋಟು ಬಿಚ್ಚದೆಯೇ ಎಲ್ಲ ಹೇಳಿದಳು. ಅವನು ಕಡುಬನ್ನು ತಟ್ಟೆಗೆ ಹಾಕಿ, ಚಾಕು ಹುಡುಕಿ, ಕೂತ.

"ಜಾಗೊ ಕೂತ್ಕೋ ಅಂದನಾ?"

"ಅಂದ."

"ವಾಸ್ಪರಮ್ಮ?"

"ಕಿಟಕಿ ನೋಡ್ತಿದ್ಲು."

"ಆದ್ರೂ ಎದ್ದೆ."

"ಎದ್ದೆ."

ಕ್ಲೆಮ್ ಚಾಕುವಿನ ಹಿಡಿಯನ್ನು ಉಜ್ಜಿದ. "ನಲವತ್ತು ವರ್ಷದಿಂದ ನೋಡ್ತಿದೀನಿ ನಿನ್ನ. ಎದ್ದೇ ಏಳ್ತೀಯ ಅಂತ ಗೊತ್ತಿತ್ತು. ನಾನು ನಂಬ್ಕೊಂಡಿದ್ದು ಹೆಡ್ಲಿ ಹಸುವನ್ನ."

"ಬೈದುಬಿಡು ಕ್ಲೆಮ್. ಬಾಯ್ತುಂಬ ಬೈದುಬಿಡು."

"ಬೈದ್ರೆ ಏನ್ ಬಂತು?" ಎಂದ. ಕಡುಬನ್ನು ಎರಡು ತುಂಡು ಮಾಡಿ, ದೊಡ್ಡದನ್ನು ಅವಳ ಕಡೆ ತಳ್ಳಿದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ವೆನ್ನಾ ಆ ದೊಡ್ಡ ತುಂಡನ್ನು ಅವನ ತಟ್ಟೆಗೇ ವಾಪಸು ಇಟ್ಟಳು.

ಶುಕ್ರವಾರ ಮಧ್ಯಾಹ್ನ ಕೌಂಟಿಯ ವ್ಯಾನು ಬಂತು. ವ್ಯಾನಿನವನು ಒಳ್ಳೆಯವನೇ, ಇದೇ ವಾರ ಇದು ತನ್ನ ಆರನೇ ಬೀಗ ಎಂದು ಬೇಸರದಲ್ಲಿ ಹೇಳಿಕೊಂಡ. ಕ್ಲೆಮ್ ಬೆಳಿಗ್ಗೆಯೇ ಹೋಗಿ, ಮುಂದೆ ಯಾರೂ ತುಳಿಯದ ನೆಲವನ್ನು ಎರಡು ಸಲ ತೊಳೆದಿದ್ದ. ಕೀಲಿಕೈ ಕೊಟ್ಟು, ತನ್ನ ಸ್ವಂತದ ಬಕೆಟ್ಟು, ನೆಲ ಒರೆಸುವ ಕೋಲು ಮತ್ತು ಜಾಮ್ ಬಾಟಲಿ ಹಿಡಿದು ಮನೆಗೆ ಬಂದ. ಹೂವಿನ ಬಾಟಲಿಯನ್ನು ತಮ್ಮ ಮನೆಯ ಪಾಯಿಖಾನೆಯ ಕಿಟಕಿಯಲ್ಲಿಟ್ಟ. ನೀಲಿ ಬಣ್ಣದ ಡಬ್ಬಿಯನ್ನು ಮೆಟ್ಟಿಲ ಕೆಳಗೆ ತಳ್ಳಿದ.

ಸೋಮವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಯಾರೋ ಬಾಗಿಲು ತಟ್ಟಿದರು. ಬಸ್ಸಿನ ಡ್ರೈವರ್ ಪೆಟ್ರಕ್. ಬಸ್ಸು ಬಂದರುಕಟ್ಟೆಯಲ್ಲಿ ತಿರುಗುವುದಕ್ಕೆ ಅವನಿಗೆ ಸಿಗುವುದು ಎಂಟು ನಿಮಿಷ.

"ತಪ್ಪು ತಿಳ್ಕೋಬೇಡಿ ವೆನ್ನಾ," ಎಂದ, ಕಾಲು ಕಾಲಿಗೆ ಹೆಣೆದುಕೊಂಡು. "ಕಟ್ಟೆ ಹತ್ರ ಬೀಗ ಹಾಕಿದಾರೆ. ಮುಂದಿನ ಊರಿಗೆ ಮುಕ್ಕಾಲು ಗಂಟೆ ಇದೆ."

ವೆನ್ನಾ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಕ್ಲೆಮ್‌ನ ದನಿ ಬಂತು. "ಒಳಗ್ ಬಾರಯ್ಯ, ಬಲಗಡೆ. ಮೆಟ್ಲು ನೋಡ್ಕೊಂಡು."

ಪೆಟ್ರಕ್ ಹೋದ ಮೇಲೆ, ಕೋಲೂರಿಕೊಂಡು ಅಂಗಡಿಗೆ ಹೊರಟ ಮುದುಕಿ ಮಿಸೆಸ್ ಅನಿಯರ್ ಬಂದಳು. ಆಮೇಲೆ ಬೆನ್ನಿಗೆ ಚೀಲ ಹಾಕಿಕೊಂಡ, ಹೆಸರೇ ಗೊತ್ತಿಲ್ಲದ ಇಬ್ಬರು. ಪೆಟ್ರಕ್‌ನೇ ಮನೆ ತೋರಿಸಿದನಂತೆ. ವೆನ್ನಾ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತ ಕೂತಿದ್ದಳು. ಗೋಡೆಯಾಚೆ ಪಾಯಿಖಾನೆಯ ಹಳೇ ಫ್ಲಶ್ ತೊಟ್ಟಿ ಪ್ರತಿ ಸಲ ಸುರಿದಾದ ಮೇಲೆ ನಾಲ್ಕು ನಿಮಿಷ ನರಳಿ ತುಂಬಿಕೊಳ್ಳುತ್ತಿತ್ತು. ಪ್ರತಿ ಸಲವೂ ಕ್ಲೆಮ್ ಪೇಪರು ಮಡಿಸಿಟ್ಟು, ಮಂಡಿ ಹಿಡಿದು ಎದ್ದು, ನೆಲ ಒರೆಸುವ ಕೋಲು ತಗೊಂಡು ಒಳಗೆ ಹೋಗುತ್ತಿದ್ದ. ಬರುವಾಗ ಮುಖದಲ್ಲಿ ಒಂದಿಷ್ಟು ಬಣ್ಣ ಇರುತ್ತಿತ್ತು. ಅವಳಿಗೆ ಅಳು ಬಂತು, ನಗೆಯೂ ಬಂತು. ಎರಡಕ್ಕೂ ತ್ರಾಣ ಇರಲಿಲ್ಲ.

ಹನ್ನೆರಡು ಗಂಟೆಗೆ ಜಾಗೊ ಬಂದ. ಟೋಪಿ ತೆಗೆದು ಹೊಸ್ತಿಲಲ್ಲೇ ನಿಂತ.

"ಮಾತಾಡಕ್ಕೆ ಬಂದ್ಯಾ?" ಎಂದಳು ವೆನ್ನಾ.

"ಇಲ್ಲ," ಎಂದ ಜಾಗೊ. ಕಿವಿ ಕೆಂಪಾಗಿತ್ತು. "ನಮ್ ವಯಸ್ಸಲ್ಲಿ ಗೊತ್ತಲ್ಲ."

"ಬಲಗಡೆ."

ಅವನು ಹೊರಗೆ ಬಂದು, ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಕ್ಲೆಮ್‌ನನ್ನು ನೋಡಿದ. "ಹೂವಿಟ್ಟಿದೀಯ."

"ಇಡ್ದೆ ಏನು?" ಎಂದ ಕ್ಲೆಮ್, ಒರೆಸುವ ಕೋಲಿಗೆ ಕೈ ಹಾಕುತ್ತ.

ಜಾಗೊ ಟೋಪಿ ಹಾಕಿಕೊಂಡು ಹೊರಟ. ಅವನನ್ನು ಕಳಿಸಲು ಬಾಗಿಲಿಗೆ ಬಂದ ವೆನ್ನಾಗೆ ಮಿಸೆಸ್ ಅನಿಯರ್ ಕಾಣಿಸಿದಳು. ಅಂಗಡಿಯಿಂದ ವಾಪಸು ಬಂದು, ಗೋಡೆಗೆ ಒರಗಿ, ಕೋಲಿನ ಮೇಲೆ ಎರಡೂ ಕೈ ಇಟ್ಟುಕೊಂಡು ಸರದಿಗೆ ಕಾಯುತ್ತಿದ್ದಳು. ಒಳಗೆ ತೊಟ್ಟಿ ಇನ್ನೂ ತುಂಬಿರಲಿಲ್ಲ.

ವೆನ್ನಾ ಒಳಗೆ ಹೋಗಿ, ಅಡುಗೆಮನೆಯಿಂದ ತಾನು ಕೂರುತ್ತಿದ್ದ ಕುರ್ಚಿಯನ್ನೇ ಎತ್ತಿ ತಂದು ಬಾಗಿಲ ಪಕ್ಕ ಹಾಕಿದಳು.