ಫ್ರೌಕ್ಯಳ ಎತ್ತರ

ಗಂಡನ ಊಟದ ಡಬ್ಬಿಗೆ ಚೀಸ್ ಹೆರೆಯುತ್ತಿದ್ದ ಫ್ರೌಕ್ಯ, ಬೆರಳಿಗಂಟಿದ ತುಣುಕನ್ನು ಬಾಯಿಗೆ ಹಾಕಿಕೊಳ್ಳಲು ಹೋಗಿ, ತಡೆದು, ಬೆರಳನ್ನು ನಲ್ಲಿಯ ಕೆಳಗೆ ಹಿಡಿದಳು.

“ಅಷ್ಟು ತಿಂದ್ರೆ ಏನೇ ಆಗತ್ತೆ?” ಎಂದ ಡೌವೆ, ಶೂ ಕಟ್ಟಿಕೊಳ್ಳುತ್ತ.

“ಸುಮ್ನಿರು. ಇವತ್ತೊಂದಿನ.”

“ತಿಂಗಳಿಂದ ಇದೇ ಆಯ್ತು. ಮಜ್ಜಿಗೆ ಕುಡಿದು ಕುಡಿದು ಮುಖ ನೋಡು, ಹಿಂಡಿದ ಬಟ್ಟೆ ಥರ ಆಗಿದೆ.”

ಫ್ರೌಕ್ಯಳಿಗೆ ನಗು ಬರಲಿಲ್ಲ. ತಂಗಿ ಗ್ರೀತ್ಯಳ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಅಕ್ಕನದು ಹೊಂದುತ್ತದೆ ಎಂದು ಪರೀಕ್ಷೆಯಲ್ಲಿ ಗೊತ್ತಾಗಿತ್ತು. ಉಳಿದದ್ದು ತೂಕ. ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಭಾಗಿಸಿ, ಬಂದದ್ದನ್ನು ಮತ್ತೊಮ್ಮೆ ಅದೇ ಎತ್ತರದಿಂದ ಭಾಗಿಸಬೇಕು. ದೊಡ್ಡವರಿಗೆ ಹದಿನೆಂಟೂವರೆಯಿಂದ ಇಪ್ಪತ್ತೈದರವರೆಗೆ ಬಂದರೆ ಒಳ್ಳೆಯದಂತೆ. ಅಷ್ಟು ದೂರದ ಆಸೆ ಅವಳಿಗಿರಲಿಲ್ಲ. ದಾನ ಮಾಡುವವರು ಮೂವತ್ತರ ಒಳಗಿರಬೇಕು ಎಂದು ಆಸ್ಪತ್ರೆಯವರು ಹೇಳಿದ್ದರು. ಅವಳ ಲೆಕ್ಕ ಮೂವತ್ತೊಂದೂವರೆಯಿಂದ ಮೂವತ್ತೂವರೆಯ ಹತ್ತಿರಕ್ಕೆ ಇಳಿದು, ಅಲ್ಲಿಂದ ಕೆಳಗೆ ಜಪ್ಪಯ್ಯ ಎಂದರೂ ಕದಲುತ್ತಿರಲಿಲ್ಲ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಗ್ರೀತ್ಯ ಬಿಳುಚಿಕೊಂಡು ಕೂತಿದ್ದಳು. ಆದರೂ ಬಾಯಿ ಬಡವಾಗಿರಲಿಲ್ಲ.

“ನಾನು ಕೇಳಿದ್ದು ಕಿಡ್ನಿ ಕಣೇ ಅಕ್ಕ, ನಿನ್ನ ಸೊಂಟ ಅಲ್ಲ. ಹೀಗೆ ಒಣಗಿಹೋದ್ರೆ ಒಳಗೆ ಕಿಡ್ನಿಯಾದ್ರೂ ಉಳಿದಿರತ್ತಾ?”

“ಉಳಿದಿರತ್ತೆ. ನಿನ್ನ ಬಾಯಿಗೆ ಹೆದರಿ ಓಡಿಹೋಗದೇ ಇದ್ರೆ.”

ಆದರೆ ಒಳಗಿನಿಂದ ಕರೆ ಬಂದಾಗ ಗ್ರೀತ್ಯ ಅಕ್ಕನ ಕೈಯನ್ನು ಬೇಗ ಬಿಡಲಿಲ್ಲ.

ಒಳಗೆ ನರ್ಸ್ ಲೀಸ್‌ಬೆತ್ ತೂಕ ನೋಡಿದಳು: ತೊಂಬತ್ತೆರಡು. ಎತ್ತರ ಕೇಳಿದಳು. “ಒಂದು ಮೀಟರ್ ಎಪ್ಪತ್ತನಾಲ್ಕು,” ಎಂದಳು ಫ್ರೌಕ್ಯ, ಹೆಸರು ಹೇಳುವಷ್ಟೇ ಸಲೀಸಾಗಿ. ಪರದೆಯ ಮೇಲೆ ಮೂವತ್ತು ಪಾಯಿಂಟ್ ನಾಲ್ಕು ಬಂತು. ಹೊರಗೆ ಕೂತ ತಂಗಿಗೆ ಏನು ಹೇಳುವುದು?

ಲೀಸ್‌ಬೆತ್ ಮಾತ್ರ ಪರದೆ ಬಿಟ್ಟು ಅವಳನ್ನೇ ನೋಡುತ್ತಿದ್ದಳು.

“ನಾನು ಒಂದು ಎಪ್ಪತ್ತೈದು ಇದೀನಿ. ನಿಮ್ಮ ಮುಖ ನೋಡೋಕೆ ನಾನ್ಯಾಕೆ ಕತ್ತೆತ್ತಬೇಕು? ಬನ್ನಿ ಇಲ್ಲಿ, ಗೋಡೆಗೆ ಆತು ನಿಲ್ಲಿ. ನೆಟ್ಟಗೆ. ಅಯ್ಯೋ, ಇನ್ನೂ ನೆಟ್ಟಗೆ! ಭುಜ ಹಿಂದಕ್ಕೆ.”

ಅಳತೆಪಟ್ಟಿ ನೆತ್ತಿಗೆ ಮೆಲ್ಲಗೆ ತಾಗಿತು.

“ಒಂದು ಎಂಬತ್ತೊಂದು! ಆ ಎಪ್ಪತ್ತನಾಲ್ಕು ನಿಮಗೆ ಯಾರು ಹೇಳಿದ್ದು?”

ಅಮ್ಮ ಹೇಳಿದ್ದು. ಹುಡುಗಿಯಾಗಿದ್ದಾಗ ಪಾಸ್‌ಪೋರ್ಟ್ ಮಾಡಿಸಲು ಪುರಸಭೆಗೆ ಹೋದಾಗ, ಗುಮಾಸ್ತ ಎತ್ತರ ಕೇಳಿದ. ಅಲ್ಲಿ ಅಳೆಯುವವರಿಲ್ಲ, ಬಾಯಿಮಾತಿಗೆ ಬರೆದುಕೊಳ್ಳುತ್ತಾರೆ. ಅಮ್ಮ ಮೊಣಕೈಯಿಂದ ತಿವಿದು ತಾನೇ ಉತ್ತರ ಕೊಟ್ಟಳು. ಹೊರಗೆ ಬಂದು, “ನಿಜ ಹೇಳಿದ್ರೆ ಯಾವ ಹುಡುಗ ಹತ್ತಿರ ಬರ್ತಾನೆ?” ಎಂದಿದ್ದಳು. ಆಮೇಲೆ ಪ್ರತಿ ಸಲ ಫ್ರೌಕ್ಯಳೇ ಅದನ್ನು ಹೇಳುತ್ತ ಬಂದಳು. ಹೇಳಿ ಹೇಳಿ ಅದೇ ನಿಜವಾಯಿತು. ಬೆನ್ನೂ ಅದಕ್ಕೆ ತಕ್ಕಂತೆ ಬಾಗಿತು.

“ಇಪ್ಪತ್ತೆಂಟು,” ಎಂದು ನರ್ಸ್ ಹೊಸ ಲೆಕ್ಕ ಓದಿದಳು. ಸೊಂಟದ ಸುತ್ತಳತೆಯನ್ನೂ ತೆಗೆದುಕೊಂಡಳು. “ಸ್ವಲ್ಪ ಜಾಸ್ತಿ ಅನ್ನೋದು ನಿಜ. ಆದ್ರೆ ಆ ಸಂಖ್ಯೆ ಒಂದೇ ಎಲ್ಲಾನೂ ಹೇಳಲ್ಲ. ನಿಮ್ಮ ಬಿಪಿ, ಶುಗರ್ ಚೆನ್ನಾಗಿವೆ. ತೂಕದ ಕಾರಣಕ್ಕೆ ನಿಮ್ಮನ್ನ ತಡೆಯಲ್ಲ. ಇನ್ನು ಉಪವಾಸ ಬಿಟ್ಟು ಹೊತ್ತುಹೊತ್ತಿಗೆ ಊಟ ಮಾಡಿ. ಆಪರೇಷನ್‌ಗೆ ಮೈಯಲ್ಲಿ ಶಕ್ತಿ ಬೇಕು.”

ಫ್ರೌಕ್ಯ ಕಾಲುಚೀಲದಲ್ಲೇ ಹೊರಗೆ ಓಡಿದಳು. ಗ್ರೀತ್ಯ ಅವಳ ಮುಖ ನೋಡಿಯೇ ಅಳಲು ಶುರುಮಾಡಿದಳು. ಆಮೇಲೆ ಮೂಗೊರೆಸಿಕೊಂಡು, “ಶೂ ಎಲ್ಲಿ ಬಿಟ್ಯೇ, ಹುಚ್ಚಿ?” ಎಂದಳು. ಇಬ್ಬರೂ ಉಸಿರು ಹತ್ತುವವರೆಗೆ ನಕ್ಕರು. ಕ್ಯಾಂಟೀನಿನಲ್ಲಿ ಫ್ರೌಕ್ಯ ಎರಡು ಬ್ರೆಡ್ಡಿನ ನಡುವೆ ದಪ್ಪನೆಯ ಚೀಸ್ ಇಡಿಸಿಕೊಂಡು ತಿಂದಳು.

ಸಂಜೆ ಡೌವೆ ಆಸ್ಪತ್ರೆಯ ಗೇಟಿನ ಬಳಿ ಕಾಯುತ್ತಿದ್ದ.

“ಏನಂದ್ರು?”

“ಒಪ್ಪಿದ್ರು.”

ಅವನು ದೀರ್ಘವಾಗಿ ಉಸಿರು ಬಿಟ್ಟು, ಅವಳ ಚೀಲ ತೆಗೆದುಕೊಂಡು ಕಾಲುವೆಯ ಪಕ್ಕದ ಹಾದಿ ಹಿಡಿದ. ಮದುವೆಯಾದಾಗಿನಿಂದ ಅವಳು ಅವನ ಜೊತೆ ನಡೆಯುವಾಗ ಕಾಲುಹಾದಿ ಅವನಿಗೆ ಬಿಟ್ಟು, ಒಂದು ಮೆಟ್ಟಿಲು ತಗ್ಗಿನ ರಸ್ತೆಗೆ ಇಳಿಯುತ್ತಿದ್ದಳು. ಹಾಗೆ ನಡೆದರೆ ಅವಳಿಗಿಂತ ಗಿಡ್ಡನಾದ ಅವನ ಭುಜಕ್ಕೆ ಅವಳ ಭುಜ ಸರಿಸಮ ಬರುತ್ತಿತ್ತು. ಅವನು ಎಂದೂ ಕೇಳಿದವನಲ್ಲ. ಅದನ್ನು ಗಮನಿಸಿದ್ದನೋ ಇಲ್ಲವೋ.

ರೂಢಿಯಂತೆ ಅವಳ ಎಡಗಾಲು ಅಂಚಿನವರೆಗೆ ಹೋಯಿತು. ಅಲ್ಲೇ ನಿಂತಿತು. ಇನ್ನು ಮೇಲೆ ಇಳಿಯುವುದಿಲ್ಲ ಎಂದುಕೊಂಡಳು ಫ್ರೌಕ್ಯ. ಅದನ್ನು ಅವನಿಗೆ ಹೇಳಬೇಕು ಎನಿಸಲಿಲ್ಲ.