ಬಾಡಿಗೆ ಮಗಳದ್ದು, ಫೋನ್ ಅಪ್ಪನಿಗೆ ಯಾಕೆ?

ಎರಡು ತಿಂಗಳಿಂದ ಮೇಲಿನ ಕೋಣೆಯ ಬಾಡಿಗೆ ಬಂದಿರಲಿಲ್ಲ. ಮನೆ ಬಾಡಿಗೆಗೆ ಕೊಟ್ಟವರಿಗೆ ಇದು ಹೊಸ ಸಂಕಟವೇನಲ್ಲ, ನಿಮಗೂ ಗೊತ್ತಿರುತ್ತದೆ. ನನಗೆ ಮಾತ್ರ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ನಾನು ಟೈಲರ್. ಕೆಳಗೆ ನನ್ನ ಹೊಲಿಗೆ ಅಂಗಡಿ, ಅದರ ಹಿಂದೆ ಮನೆ, ಮೇಲೆ ಒಂದೇ ಕೋಣೆ. ಆ ಕೋಣೆಯ ಬಾಡಿಗೆಯಲ್ಲೇ ಹೊಸ ಮೆಷಿನ್ನಿನ ಸಾಲದ ಕಂತು ಕಟ್ಟುವುದು. ಇನ್ನೊಂದು ಕಂತು ತಪ್ಪಿದರೆ ಮೆಷಿನ್ ಬ್ಯಾಂಕಿನವರ ಪಾಲು.

ಕೋಣೆಯಲ್ಲಿರುವವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಹುಡುಗಿ. ಇಪ್ಪತ್ಮೂರು ವರ್ಷ. ಮೊದಲೆಲ್ಲ ಮೆಟ್ಟಿಲ ಮೇಲೆ ಟಪಟಪ ಸದ್ದು ಮಾಡುತ್ತ, "ಆಂಟಿ, ಊಟ ಆಯ್ತಾ?" ಎಂದು ಕೂಗಿ ಹೋಗುತ್ತಿದ್ದಳು. ಈಗ ಚಪ್ಪಲಿ ಕೈಯಲ್ಲಿ ಹಿಡಿದು ಬೆಕ್ಕಿನ ಹಾಗೆ ಹತ್ತುತ್ತಾಳೆ. ನನಗೆ ಕಾಣುವುದಿಲ್ಲ ಅಂದುಕೊಂಡಿದ್ದಾಳೆ ಪಾಪ! ಅಂಗಡಿಯ ನಿಲುವುಗನ್ನಡಿಯಲ್ಲಿ ಇಡೀ ಮೆಟ್ಟಿಲು ಕಾಣುತ್ತದೆ.

ಕರೆದು ಕೇಳಬಹುದಿತ್ತು. ಆದರೆ ಬೀದಿಗೆಲ್ಲ ಕೇಳುವ ಹಾಗೆ ಮಾತಾಡುವ ನನ್ನ ಬಾಯಿಗೆ, ಮುಖ ನೋಡಿ ಹಣ ಕೇಳಬೇಕೆಂದರೆ ಬೀಗ. ಕೊನೆಗೆ ಬಾಡಿಗೆ ಕರಾರು ಹೊರಗೆ ತೆಗೆದೆ. ಕಡೆಯ ಪುಟದಲ್ಲಿ ಅವಳಪ್ಪನ ನಂಬರ್ ಇತ್ತು.

ಪಕ್ಕದ ಮನೆಯ ಅಕ್ಕ ಕೋರ್ಟಿನ ಎದುರು ಕೂತು ಕರಾರು ಪತ್ರ ಟೈಪ್ ಮಾಡುವವರು. ನಾವೆಲ್ಲ ಕರಾರಕ್ಕ ಎಂದೇ ಕರೆಯುವುದು. ಕರಾರು ಹಿಡಿದುಕೊಂಡೇ ಹೋಗಿ ಅವರ ಹತ್ತಿರ ಹೇಳಿದೆ: "ಅವಳಪ್ಪನಿಗೆ ಒಂದು ಫೋನ್ ಹಾಕ್ತೀನಿ ಕಣಕ್ಕ. ಕಿವಿ ಹಿಂಡೋರು ಹಿಂಡಿದ್ರೆ ಬುದ್ಧಿ ಬರುತ್ತೆ."

"ಕರಾರಿಗೆ ಸಹಿ ಹಾಕಿದ್ದು ಯಾರೇ?"

"ಅವಳು."

"ಅವಳಪ್ಪ ಜಾಮೀನು ಅಂತ ಎಲ್ಲಾದ್ರೂ ಸಹಿ ಹಾಕಿದ್ದಾರಾ?"

"ಇಲ್ಲ. ಆದ್ರೆ ನಂಬರ್ ಕೊಟ್ಟಿದ್ದಾಳಲ್ಲ!"

"ನಂಬರ್ ಮೇಲೆ ಏನಿದೆ ಓದು. ಟೈಪ್ ಮಾಡಿದ್ದು ನಾನೇ."

ಓದಿದೆ. 'ಆಪತ್ತಿನಲ್ಲಿ ಸಂಪರ್ಕಿಸಬೇಕಾದವರು.'

"ಆಪತ್ತು ಅಂದ್ರೆ ಪೆಟ್ಟು, ಬೆಂಕಿ, ಆಸ್ಪತ್ರೆ. ಬಾಡಿಗೆ ಅಲ್ಲ," ಎಂದರು. "ಮೊದಲು ಅವಳನ್ನೇ ಕೇಳು. ದೊಡ್ಡವಳಾಗಿದ್ದಾಳೆ, ಬಾಯಿದೆ, ಉತ್ತರ ಕೊಡ್ತಾಳೆ."

"ಹೇಳೋದು ಸುಲಭ ಕಣಕ್ಕ. ಕಂತು ಕಟ್ಟೋಳು ನಾನು!" ಎಂದು ಸಿಡುಕಿ ಬಂದೆ. ಹೇಳಿಕೊಟ್ಟ ಮಾತು, ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ ಅಂತಾರೆ. ನನಗಂತೂ ಹತ್ತು ನಿಮಿಷಕ್ಕೂ ಬರಲಿಲ್ಲ. ಅವಳಪ್ಪನಿಗೆ ಫೋನ್ ಹಾಕಿಯೇಬಿಟ್ಟೆ.

"ನಾನು ನಿಮ್ಮ ಮಗಳ ಮನೆ ಓನರ್..." ಎಂದೆ, ಅಷ್ಟೇ. ಆ ಕಡೆ ಏನೋ ಧಡಾರನೆ ಬಿತ್ತು.

"ಅಯ್ಯೋ! ನನ್ನ ಮಗಳಿಗೆ ಏನಾಯ್ತು? ಬದುಕಿದ್ದಾಳಾ? ಹೇಳಮ್ಮ!"

ಆಮೇಲೆ ಗೊತ್ತಾಯಿತು, ಆ ಮನುಷ್ಯ ಗೋಡೆಗೆ ಬಣ್ಣ ಹೊಡೆಯುವವರು. ಏಣಿಯ ಮೇಲಿದ್ದರು. ಬಿದ್ದದ್ದು ಬಣ್ಣದ ಬಕೆಟ್, ಪುಣ್ಯಕ್ಕೆ ಅವರಲ್ಲ. ನಾನು ಅವಸರದಲ್ಲಿ ಹೇಳಿದೆ: "ಏನಿಲ್ಲ, ಚೆನ್ನಾಗಿದ್ದಾಳೆ. ಬರೀ ಬಾಡಿಗೆ... ಎರಡು ತಿಂಗಳದ್ದು..."

"ನಾಳೆನೇ ಬಂದು ಕರ್ಕೊಂಡು ಹೋಗ್ತೀನಿ," ಎಂದು ಫೋನ್ ಇಟ್ಟರು.

ನಾನು ಕೇಳಿದ್ದು ಬಾಡಿಗೆ. ಅವರು ಬಾಡಿಗೆದಾರಳನ್ನೇ ಕರೆದೊಯ್ಯುತ್ತೇನೆ ಎನ್ನುತ್ತಿದ್ದಾರೆ! ಅಂಗಡಿಯಲ್ಲಿ ಅತ್ತಿಂದಿತ್ತ ಓಡಾಡಿದೆ. ಕತ್ತರಿ ಎತ್ತಿದೆ, ಇಟ್ಟೆ. ತೋಳಿಗೆ ಕಾಲರ್ ಹೊಲಿದು ಮತ್ತೆ ಬಿಚ್ಚಿದೆ. ಅಷ್ಟರಲ್ಲಿ ಹುಡುಗಿ ಬರಿಗಾಲಲ್ಲಿ ಮೆಟ್ಟಿಲು ಇಳಿದು ಓಡಿಬಂದಳು. ಅವಳಪ್ಪ ಆಗಲೇ ಅವಳಿಗೂ ಫೋನ್ ಮಾಡಿದ್ದರು.

"ಆಂಟಿ, ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

ಅವಳ ಕನ್ನಡಕದ ಅಂಗಡಿ ರಿಪೇರಿಗೆಂದು ಏಳು ವಾರ ಮುಚ್ಚಿತ್ತಂತೆ. ಅರ್ಧ ಸಂಬಳ. ಸೋಮವಾರ ತೆರೆಯುತ್ತದೆ, ಮುಂದಿನ ತಿಂಗಳು ಅವಳ ಕೆಲಸ ಖಾಯಂ. "ಒಂದ್ಸಲ ಎಡವಿದ್ರೂ ವಾಪಸ್ ಬರ್ಬೇಕು ಅಂತ ಹೇಳಿಯೇ ಅಪ್ಪ ಕಳಿಸಿದ್ದು. ಈಗ ಹೋದ್ರೆ ಮತ್ತೆ ಕಳಿಸಲ್ಲ ಆಂಟಿ. ಕೆಲಸಾನೂ ಹೋಯ್ತು, ಎಲ್ಲಾ ಹೋಯ್ತು," ಎಂದು ಅತ್ತಳು.

"ಮತ್ತೆ ನೀನ್ಯಾಕೆ ಹೇಳಲಿಲ್ಲ? ಚಪ್ಪಲಿ ಕೈಲಿ ಹಿಡ್ಕೊಂಡು ಓಡಾಡಿದ್ಯಲ್ಲ ಮಾರಾಯ್ತಿ!"

"ನಾಚಿಕೆ ಆಯ್ತು."

ನನಗೂ ಅದೇ ಆಗಿತ್ತು. ಎದುರಿಗೆ ಕೇಳಲು ನಾಚಿ, ಬೆನ್ನ ಹಿಂದೆ ದೂರು ಹೇಳಿದ್ದೆ.

ಗಲಾಟೆ ಕೇಳಿ ಬಂದ ಕರಾರಕ್ಕ ನನ್ನ ಗೋಡೆಯ ಬೋರ್ಡ್ ತೋರಿಸಿದರು. ಹದಿನೆಂಟು ವರ್ಷದಿಂದ ಅಲ್ಲೇ ಇದೆ: 'ಅಳತೆ ಕೊಡಲು ಬಟ್ಟೆ ತೊಡುವವರೇ ಬರಬೇಕು.'

"ಇದು ಯಾಕೆ ಹಾಕಿದ್ದೀಯ?"

"ಅಪ್ಪ ಅಮ್ಮ ಬಂದ್ರೆ ಹೋದ ವರ್ಷದ ಅಳತೆ ಹೇಳ್ತಾರಕ್ಕ. ಮಕ್ಕಳು ಬೆಳೆದಿದ್ದು ಅವರ ಕಣ್ಣಿಗೆ ಬಿದ್ದಿರಲ್ಲ. ಹೊಲಿದಿದ್ದೆಲ್ಲ ಬಿಗಿ..." ಹೇಳುತ್ತ ಹೇಳುತ್ತ ನನ್ನ ದನಿ ಇಳಿಯಿತು.

"ಬಟ್ಟೆಗೊಂದು ನ್ಯಾಯ, ಬಾಡಿಗೆಗೊಂದು ನ್ಯಾಯನಾ? ನಿನ್ನ ಕಂತು ತಪ್ಪಿದ್ರೆ ಬ್ಯಾಂಕಿನವರು ನಿಮ್ಮಮ್ಮನಿಗೆ ಫೋನ್ ಮಾಡ್ತಾರಾ? ನಿಂಗೇ ತಾನೆ ಕಾಗದ ಬರೋದು?"

ಅಲ್ಲೇ ಕಟಿಂಗ್ ಮೇಜಿನ ಸುತ್ತ ಮೂವರೂ ಕೂತೆವು. ಬಾಕಿಯನ್ನು ನಾಲ್ಕು ಭಾಗ ಮಾಡಿ, ಪ್ರತಿ ಶನಿವಾರ ಒಂದು ಭಾಗ ಎಂದು ಕರಾರಕ್ಕ ಬರೆದರು. ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಂಡೆವು.

"ತಪ್ಪಾಯ್ತು ಮಗಳೇ," ಎಂದೆ. "ನಿಮ್ಮಪ್ಪನ ಹತ್ರ ನಾನು ಮಾತಾಡ್ಲಾ?"

"ಬೇಡ. ಪಕ್ಕದಲ್ಲಿ ಕೂತಿರಿ ಸಾಕು."

ಅವಳೇ ಫೋನ್ ಮಾಡಿದಳು. "ಅಪ್ಪ, ಬಾಕಿ ಇರೋದು ನಿಜ. ಹೇಗೆ ತೀರಿಸ್ತೀನಿ ಅಂತ ಬರ್ಕೊಟ್ಟಿದ್ದೀನಿ. ಕರ್ಕೊಂಡು ಹೋಗೋಕೆ ಬರ್ಬೇಡಿ. ನೋಡ್ಕೊಂಡು ಹೋಗೋಕೆ ಬನ್ನಿ."

ಅವರು ಒಪ್ಪಲಿಲ್ಲ. ಫೋನ್ ಓನರಮ್ಮನಿಗೆ ಕೊಡು ಎಂದರು. ನಾನು ಹುಡುಗಿಯ ಮುಖ ನೋಡಿದೆ. ಅವಳು ಹೂಂ ಎಂದು ತಲೆ ಆಡಿಸಿದ ಮೇಲೆ ತೆಗೆದುಕೊಂಡೆ.

"ಇವಳು ಹೇಳ್ತಿರೋದು ನಿಜಾನೇನಮ್ಮ? ಇವಳನ್ನ ನಂಬಬಹುದಾ?"

"ಹಣ ಬರಬೇಕಾದ ನಾನೇ ನಂಬಿದ್ದೀನಿ ಅಣ್ಣ. ನೀವು ಹೆತ್ತ ಅಪ್ಪ."

ಆ ಕಡೆಯಿಂದ ಒಂದು ದೊಡ್ಡ ಉಸಿರು ಕೇಳಿತು. "ಸರಿ. ಭಾನುವಾರ ಬರ್ತೀನಿ. ನೋಡ್ಕೊಂಡು ಹೋಗೋಕೆ," ಎಂದರು.

ನಾನು ಬ್ಯಾಂಕಿಗೆ ಹೋಗಿ ಹದಿನೈದು ದಿನ ಗಡುವು ಕೇಳಿದೆ. ಕೇಳಿದ್ದಕ್ಕೆ ಕೊಟ್ಟರು. ಹುಡುಗಿ ಮಾತ್ರ ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅದು ನನಗೆ ಬರಬೇಕಾದದ್ದೇ. ಶನಿವಾರ ಮೊದಲ ಭಾಗ ತಂದು ಮೇಜಿನ ಮೇಲಿಟ್ಟಳು. ಭಾನುವಾರ ಅವಳಪ್ಪ ಬಂದು, ಹೇಳಿದ ಹಾಗೆ ನೋಡಿಕೊಂಡೇ ಹೋದರು.

ಮನೆ ಬಾಡಿಗೆಗೆ ಕೊಟ್ಟಿರುವ ಅಕ್ಕಂದಿರೇ, ಅಣ್ಣಂದಿರೇ, ನಮ್ಮ ಹಣ ನಾವು ಕೇಳಲೇಬೇಕು. ಸಹಿ ಹಾಕಿದವರನ್ನು ಕೇಳೋಣ. ಅಪ್ಪ ಅಮ್ಮ ಜಾಮೀನು ಹಾಕಿದ್ದರೆ ಅವರನ್ನೂ ಕೇಳಬಹುದು, ಆದರೆ ಬಾಡಿಗೆದಾರರಿಗೆ ಮೊದಲೇ ತಿಳಿಸಿ. ಮಾತಿಗೆ ಬಗ್ಗದಿದ್ದರೆ ಬರವಣಿಗೆಯಲ್ಲಿ ನೋಟಿಸ್ ಕೊಡಿ. ಆಪತ್ತಿನ ನಂಬರ್ ಆಪತ್ತಿಗೇ ಇರಲಿ. ಏಣಿಯ ಮೇಲೆ ಯಾರಿದ್ದಾರೋ ನಮಗೇನು ಗೊತ್ತು?

ಇನ್ನು ಬಾಡಿಗೆ ಕೋಣೆಯಲ್ಲಿರುವ ಮಕ್ಕಳೇ, ಕಷ್ಟ ಬಂದ ಮೊದಲ ವಾರವೇ ಬಂದು ಹೇಳಿ. ಓನರ್ ಬೈದರೆ ಒಂದು ಗಳಿಗೆ ಬೈಯುತ್ತಾರೆ. ಆದರೆ ಚಪ್ಪಲಿ ಕಾಲಿಗೆ ಹಾಕಿಕೊಂಡೇ ಮೆಟ್ಟಿಲು ಹತ್ತಿ. ನನ್ನ ಮೆಟ್ಟಿಲ ಮೇಲೆ ಈಗ ಮತ್ತೆ ಟಪಟಪ ಸದ್ದು ಕೇಳುತ್ತಿದೆ.