ಗೆನ್ನಾ ಬಯಲಲ್ಲಿ ಮಾವ

ಕಣದ ಬಾರ್ಲಿ ಕಾಯುವುದೆಂದರೆ ಇಡೀ ದಿನ ಮಂಗಗಳ ಮುಖ ನೋಡುತ್ತ ಕೂರುವುದು. ಕವಣೆ ಬೀಸುವ ಕಸುವಿದ್ದರೆ ಮೆಂಝ್ ಸೀಮೆಯಲ್ಲಿ ಅದಕ್ಕಿಂತ ಸುಖದ ಕೆಲಸವಿಲ್ಲ. ಆದರೆ ಅಂದಾರ್ಗೆಗೆ ಆ ವಾರ ಕವಣೆ ಎತ್ತಲೂ ಮನಸ್ಸಿರಲಿಲ್ಲ. ಹೆಂಡತಿ ಸಿನಿದುವಿಗೆ ದಿನ ತುಂಬಿತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಆ ತವರಿನ ಬಾಗಿಲೋ ಎರಡು ವರ್ಷದಿಂದ ಮುಚ್ಚಿತ್ತು. ಹೆಣ್ಣು ಕೇಳಲು ಹಿರಿಯರನ್ನು ಕಳಿಸದೆ ಈ ಪುಣ್ಯಾತ್ಮ ಅವಳನ್ನು ಕರೆದುಕೊಂಡು ಓಡಿಹೋಗಿದ್ದ. ಆಮೇಲೆ ಮೂರು ಸಲ ಹಿರಿಯರು ಹೋದರು. ಮಾವ ಯಿರ್ಗಾ ಅವರಿಗೆ ಹೊಟ್ಟೆ ತುಂಬ ಬಾರ್ಲಿ ಹೆಂಡ ತೆಲ್ಲಾ ಕುಡಿಸಿ, ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸ್ ಅಟ್ಟಿದ.

"ಅವ್ವ ಪಕ್ಕದಲ್ಲಿಲ್ದೆ ನಾನು ಹೆರಾಕಿಲ್ಲ ನೋಡು," ಎಂದು ಸಿನಿದು ಬೆಳಿಗ್ಗೆ ಹೇಳಿದ್ದಳು, ಹೆರುವುದು ಬಿಡುವುದು ತನ್ನ ಕೈಯಲ್ಲಿದ್ದಂತೆ. "ನಿನ್ನ ಹೊಸಿಲಾಚೆ ನಿಲ್ಸಿ ಒಬ್ಳೇ ಒಳಕ್ಕೂ ಹೋಗಾಕಿಲ್ಲ."

ಬಣವೆಯಾಚೆ ಎರಡು ಗಂಡು ಚಿಲಾದಾ ಮಂಗಗಳಿದ್ದವು. ಎದೆಯ ಮೇಲೆ ಕೆಂಪು ಮಚ್ಚೆ, ಹೆಗಲ ತುಂಬ ಜೂಲು, ಎರಡೂ ಬೇರೆ ಬೇರೆ ಸಂಸಾರದ ಯಜಮಾನರು. ನಿನ್ನೆ ಕೋರೆ ತೋರಿಸಿ ಅಟ್ಟಾಡಿದ್ದವು. ಇಂದು ಒಂದು ಇನ್ನೊಂದರ ಬಾಲ ಎಳೆಯಿತು. ಎಳೆಸಿಕೊಂಡದ್ದು ಬಾಯಿ ಅಗಲಿಸಿ ಮೈಮೇಲೆ ಬಿತ್ತು, ಕಚ್ಚಲಿಲ್ಲ. ಹುಲ್ಲಿನಲ್ಲಿ ಉರುಳಾಡಿ ಕೊನೆಗೆ ದೊಡ್ಡದೇ ಅಂಗಾತ ಬಿದ್ದು ಹೊಟ್ಟೆ ತೋರಿಸಿತು. ಹೆಂಡಿರು ಮೇಯುತ್ತಲೇ ಇದ್ದರು, ತಲೆಯೆತ್ತಿಯೂ ನೋಡಲಿಲ್ಲ.

ಅಂದಾರ್ಗೆಗೆ ಉಪಾಯ ಹೊಳೆಯಿತು. ನಾಳಿದ್ದು ಗೆನ್ನಾ, ಯೇಸು ಹುಟ್ಟಿದ ಹಬ್ಬ. ತನ್ನ ಮೇಲೂರಿಗೂ ಮಾವನ ಕೆಳಯೂರಿಗೂ ಬಾಗುಕೋಲಿನ ಚೆಂಡಾಟ. ಅರವತ್ತು ದಾಟಿದರೂ ಯಿರ್ಗಾ ಒಂದು ವರ್ಷವೂ ತಪ್ಪಿಸಿದವನಲ್ಲ. ಅಂದು ಆಳು ಒಡೆಯನನ್ನು ಕೆಡವಲಿ, ಹಾಡು ಕಟ್ಟಿ ಹಂಗಿಸಲಿ, ಗೆನ್ನಾ ಆಟಕ್ಕೆ ಒಡೆಯನೂ ಮುನಿಯಬಾರದೆಂದು ಗಾದೆಯೇ ಇದೆ. ತಾನೇ ಹೋಗಿ ಮಾವನ ಮುಂದೆ ಬಿದ್ದುಕೊಟ್ಟರೆ ಮುದುಕ ಕರಗದಿರುತ್ತಾನೆಯೇ?

ಹಬ್ಬದ ದಿನ ಆಟದ ನಡುವೆ ಹಾಗೇ ಬಿದ್ದುಕೊಟ್ಟ. ಚೆಂಡು ಮಾವನ ಕೋಲಿಗೆ ಸಿಕ್ಕಿತು. ಯಿರ್ಗಾ ಅದನ್ನು ಹೊಡೆಯದೆ ಹಾಗೇ ನಿಂತ.

"ಏನ್ಲಾ, ಬೇಕಂತ ಬಿದ್ಯಾ?"

"ಇಲ್ಲ ಮಾವ, ಕಾಲು ಜಾರ್ತು."

"ಬೊಗಳಬ್ಯಾಡ! ಮುದ್ಕ, ಪಾಪ, ಗೆಲ್ಲಲಿ ಅಂತ ಅಲ್ವಾ? ಮಗಳ್ನ ಹೊತ್ಕೊಂಡೋದೆ, ಈಗ ಗೆಲುವು ಭಿಕ್ಷೆ ಹಾಕ್ತೀಯಾ?"

ಎರಡೂ ಊರಿಗೆ ಕೇಳಿಸಿತು. ಗೆನ್ನಾ ಬಯಲಲ್ಲಿ ಮರ್ಯಾದೆ ತೋರಿಸುವುದಕ್ಕಿಂತ ದೊಡ್ಡ ಅವಮಾನವಿಲ್ಲ. ಆ ಸೀಮೆಯ ಮಕ್ಕಳಿಗೂ ಗೊತ್ತಿರುವ ಇದನ್ನು ಅಂದಾರ್ಗೆ ಮರೆತಿದ್ದ. ದಿಬ್ಬದ ಮೇಲೆ ಸಿನಿದು ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದಳು. ಅವಳ ಮುಖ ನೋಡಿ ಅವನಿಗೆ ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟೂ ಬಂತು. ಹೇಗೂ ಕೆಟ್ಟಿತು, ಇನ್ನು ಯಾವ ದಾಕ್ಷಿಣ್ಯ? ಎದ್ದು ಗಂಟಲೆತ್ತಿ ಹಾಡಿದ:

"ಮನೆಯಾಗಿನ ಮಗಳ ಕಾಯಲಿಲ್ಲ ಮಾವ,
ಬಯಲಾಗಿನ ಚೆಂಡ ಕಾಯ್ತಾನಂತೆ ನೋಡ್ರವ್ವ!"

ಹಾಡು ಮುಗಿಯುವ ಮುಂಚೆಯೇ ಮಾವನ ಕಾಲಿಗೆ ಕೋಲು ಕೊಟ್ಟು ಎಳೆದ. ಯಿರ್ಗಾ ದೊಪ್ಪನೆ ಬಿದ್ದ. ಸಿನಿದು ಎದ್ದು ನಿಂತಳು.

ಅಂಗಾತ ಬಿದ್ದಿದ್ದ ಮುದುಕನ ಹೊಟ್ಟೆ ಮೊದಲು ಅಲುಗಿತು. ಆಮೇಲೆ ನಗು ಹೊರಗೆ ಬಂತು.

"ಮೂರು ಸಲ ಹಿರಿಯರ್ನ ಕಳಿಸ್ದೆ. ತಪ್ಪಾಯ್ತು ತಪ್ಪಾಯ್ತು ಅಂತ ಹೆಗಲ ಮೇಲೆ ಕಲ್ಲು ಹೊತ್ಕೊಂಡು ಅತ್ರು ಕಣ್ಲಾ! ಇಂಥ ಒಳ್ಳೆ ಬೈಗುಳ ಇಟ್ಕೊಂಡು ಎಲ್ಲಿಗೋಗಿದ್ದೆ?" ಎಂದವನೇ ಅಳಿಯನ ಪಾದ ಹಿಡಿದು ಎಳೆದು ಕೆಡವಿದ. ಇಬ್ಬರೂ ಧೂಳಲ್ಲಿ ಉರುಳಾಡಿದರು. ಆಟ ಕೆಡುತ್ತದೆಂದು ಕೆಳಯೂರಿನವರೇ ಬಂದು ಬಿಡಿಸಬೇಕಾಯಿತು.

ಆಟ ಮುಗಿದ ಮೇಲೆ ಯಿರ್ಗಾ ಧೂಳು ಕೊಡವುತ್ತ ದಿಬ್ಬ ಹತ್ತಿ ಮಗಳ ಮುಂದೆ ನಿಂತ.

"ಬಾಣಂತಿ ಗಂಜಿಗೆ ಹಿಟ್ಟು ತಯಾರೈತೆ," ಎಂದ. "ಇಬ್ರೂ ಈಗ್ಲೇ ಮನೆಗೆ ಹೊರಡಿ."

"ಅವ್ವ ಬೀಸಿದ್ಲಾ?"

ಯಿರ್ಗಾ ಅತ್ತಿತ್ತ ನೋಡಿದ. ಬೀಸುಕಲ್ಲು ಮುಟ್ಟಿದ ಗಂಡಸನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ.

"ಅವಳು ಸಂತೆಗೋದಾಗ ನಾನೇ ಬೀಸ್ದೆ," ಎಂದ ಪಿಸುದನಿಯಲ್ಲಿ. "ಹೊರಗೆ ಎಲ್ಲೂ ಹೇಳ್ಬ್ಯಾಡ."